ಚುಂಬೆ ದ್ವೀಪದ ಪೂರ್ವೋತ್ತರ

ಆಫ್ರಿಕಾ ಖಂಡದ ಪೂರ್ವತೀರಕ್ಕೆ ಎದುರಾಗಿ ಹಿಂದೂ ಮಹಾಸಾಗರದಲ್ಲಿ ನೆಲೆಗೊಂಡಿರುವ ಜಾಂಜಿಬಾರ್ ದ್ವೀಪಸಮೂಹದಲ್ಲಿ, ಉಂಗುಜಾ ಎಂಬ ಹಿರಿಯ ದ್ವೀಪದ ನಗರದಿಂದ ನೈಋತ್ಯ ದಿಕ್ಕಿಗೆ ಸುಮಾರು 12 ಕಿಲೋಮೀಟರ್ ದೋಣಿಯಲ್ಲಿ ಸಾಗಿದರೆ, ಉದ್ದದಲ್ಲಿ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಇರುವ, ವಿಸ್ತೀರ್ಣದಲ್ಲಿ 20 ಹೆಕ್ಟೇರಿಗೆ ತುಸು ಮಿಗಿಲಾದ, ನೀರಿನಂಚಿನವರೆಗೂ ದಟ್ಟವಾದ ಕಾಡು ಬೆಳೆದು ನಿಂತಿರುವ ಒಂದು ಪುಟ್ಟ ನೆಲ ಎದುರಾಗುತ್ತದೆ. ಚುಂಬೆ ಎಂದು ಅದರ ಹೆಸರು. ಒಂದು ದೀಪಸ್ತಂಭ, ಒಂದು ಸಣ್ಣ ಮಸೀದಿ, ದೀಪಪಾಲಕರು ವಾಸವಾಗಿದ್ದ ಒಂದು ಮನೆ, ಅತಿಥಿಗಳಿಗಾಗಿ ಕಟ್ಟಿದ ಏಳು ಕುಟೀರಗಳು: ಮನುಷ್ಯನು ಅಲ್ಲಿ ಕಟ್ಟಿದ್ದೆಲ್ಲ ಬಹುಮಟ್ಟಿಗೆ ಇಷ್ಟೇ. ಮಹಾಸಾಗರದ ಚರಿತ್ರೆಯನ್ನು ಬರೆಯುವವರು ಈ ದ್ವೀಪಕ್ಕೆ ಒಂದು ಪಂಕ್ತಿಯನ್ನೂ ಮೀಸಲಿಡುವುದಿಲ್ಲ. ರಾಜರು ಇಲ್ಲಿ ಆಳಲಿಲ್ಲ, ಸೈನ್ಯಗಳು ಇಲ್ಲಿ ಸಂಧಿಸಲಿಲ್ಲ, ಸಂತೆ ಕೂಡಲಿಲ್ಲ. ಆದರೂ ನೆಲವೊಂದು ತನ್ನ ಸುತ್ತಲಿನ ನೆಲಗಳೆಲ್ಲ ಬೋಳಾಗುತ್ತ ಬಂದ ಕಾಲದಲ್ಲಿ ಹೇಗೆ ತನ್ನನ್ನು ಉಳಿಸಿಕೊಂಡಿತು, ಹಾಗೆ ಉಳಿದದ್ದನ್ನು ಕೆಡಿಸದೆ ಮನುಷ್ಯನು ಅದರ ಮೇಲೆ ಕೆಲವು ರಾತ್ರಿಗಳನ್ನು ಕಳೆಯಬಹುದೆ, ಎಂಬ ಎರಡು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಚುಂಬೆಯ ಪೂರ್ವವೃತ್ತಾಂತದಷ್ಟು ಅರ್ಥವತ್ತಾದ ವೃತ್ತಾಂತವು ಬೇರೆಡೆ ದೊರೆಯುವುದು ಕಷ್ಟವೆಂದೇ ನಾನು ಭಾವಿಸಿದ್ದೇನೆ.

ಈ ನೆಲದ ಹುಟ್ಟೇ ನೀರಿನೊಳಗೆ. ಸಮುದ್ರದ ಮಟ್ಟವು ಇಂದಿಗಿಂತ ಎತ್ತರದಲ್ಲಿದ್ದ ಪ್ರಾಚೀನ ಯುಗವೊಂದರಲ್ಲಿ ಅಲೆಗಳ ಅಡಿಯಲ್ಲಿ ಬೆಳೆದ ಹವಳದ ದಿಬ್ಬವು, ಕಡಲು ಹಿಂಜರಿದಾಗ ಮೇಲುಳಿದು, ಯುಗಯುಗಾಂತರಗಳ ಬಿಸಿಲು ಮಳೆಗಳಿಗೆ ಮೈಯೊಡ್ಡಿ, ಮೊನೆಮೊನೆಯಾದ ಕಗ್ಗಲ್ಲಾಗಿ ನಿಂತಿದೆ. ಇಳಿತದ ಹೊತ್ತಿನಲ್ಲಿ ತೀರದ ಬಂಡೆಗಳ ಮೇಲೆ ಎಚ್ಚರದಿಂದ ಹೆಜ್ಜೆಯಿಡುತ್ತ ಹೋದರೆ, ಒಂದು ಕಾಲದಲ್ಲಿ ಜೀವಂತವಾಗಿದ್ದ ದೈತ್ಯಾಕಾರದ ಕಪ್ಪೆಚಿಪ್ಪುಗಳು, ಅಲೆಯಲೆಯಾದ ತಮ್ಮ ಅಂಚುಗಳೊಡನೆ, ಕಲ್ಲಿನಲ್ಲಿ ಕಲ್ಲಾಗಿ ಹುದುಗಿರುವುದನ್ನು ಕಾಲಡಿಯಲ್ಲೇ ನೋಡಬಹುದು. ಇಂತಹ ಕಲ್ಲು ರಂಧ್ರಮಯವಾದದ್ದು. ಮೇಲೆ ಬಿದ್ದ ಮಳೆ ನಿಲ್ಲದೆ ಬಿರುಕುಗಳ ಮೂಲಕ ಇಳಿದು ಕಡಲನ್ನು ಸೇರುತ್ತದೆ. ಆದಕಾರಣ ಚುಂಬೆಯಲ್ಲಿ ಹಳ್ಳವಿಲ್ಲ, ಕೆರೆಯಿಲ್ಲ, ತೋಡಿದರೆ ಸಿಹಿನೀರು ಒಸರುವ ಬಾವಿಯಿಲ್ಲ. ಕಾಡಿನ ಮರಗಳು ಕಲ್ಲಿನ ಸಂದುಗಳಲ್ಲಿ ಬೇರೂರಿ, ಮಳೆಯ ಹನಿಯನ್ನೂ ಇಬ್ಬನಿಯನ್ನೂ ಕಡಲಗಾಳಿಯ ತೇವವನ್ನೂ ನಂಬಿ ಬದುಕುತ್ತವೆ. ಮನುಷ್ಯನಿಗೆ ಆ ಸಾಮರ್ಥ್ಯವಿಲ್ಲ. ಈ ಒಂದು ಕೊರತೆಯೇ ಚುಂಬೆಯ ಸಮಸ್ತ ಇತಿಹಾಸದ ಮೂಲಸೂತ್ರವೆಂಬುದನ್ನು ಮೊದಲು ಗ್ರಹಿಸಬೇಕು; ಮುಂದೆ ಹೇಳತಕ್ಕ ಸಂಗತಿಗಳಲ್ಲಿ ಬಹುಪಾಲು ಇದರಿಂದಲೇ ಹೊರಟು ಇಲ್ಲಿಗೇ ಬಂದು ನಿಲ್ಲುತ್ತವೆ.

ಈ ಕಡಲಿನ ಮೇಲೆ ಸಾವಿರಾರು ವರ್ಷ ಆಳಿದ್ದು ಗಾಳಿ. ಡಿಸೆಂಬರಿನಿಂದ ಮಾರ್ಚಿನವರೆಗೆ ಈಶಾನ್ಯದಿಂದ ಬೀಸುವ, ಸ್ವಾಹಿಲಿ ಜನರು ಕಾಸ್ಕಾಜಿ ಎಂದು ಕರೆಯುವ ಗಾಳಿಯು ಅರೇಬಿಯದ ಮತ್ತು ಭರತಖಂಡದ ಹಾಯಿಹಡಗುಗಳನ್ನು ಆಫ್ರಿಕಾದ ತೀರಕ್ಕೆ ತಂದು ಮುಟ್ಟಿಸುತ್ತಿತ್ತು. ಏಪ್ರಿಲ್ ಕಳೆದ ಮೇಲೆ ನೈಋತ್ಯದಿಂದ ಏಳುವ ಕೂಸಿ ಎಂಬ ಗಾಳಿಯು ಅವನ್ನೇ ಮನೆಗೆ ಮರಳಿಸುತ್ತಿತ್ತು. ಕಚ್ಛ ಗುಜರಾತುಗಳ ಬಟ್ಟೆ, ಮಣಿ, ಧಾನ್ಯಗಳು ಬರುತ್ತಿದ್ದುವು. ಆನೆಯ ದಂತ, ಲವಂಗ, ಮರವಿಲ್ಲದ ಅರಬರ ನಾಡಿನಲ್ಲಿ ಮನೆಯ ತೊಲೆಗಳಿಗೆ ಬೇಕಾದ ಕಾಂಡ್ಲಾ ಮರದ ಕೋಲುಗಳು, ಇವುಗಳೊಡನೆ, ಹೇಳುವುದಕ್ಕೆ ನಾಲಿಗೆ ಹಿಂಜರಿಯುವಂತಹ ಸರಕಾಗಿ, ಸೆರೆಹಿಡಿದ ಮನುಷ್ಯರೂ ಹೋಗುತ್ತಿದ್ದರು. ಒಮಾನಿನ ದೊರೆ ಸಯ್ಯಿದ್ ಸಯೀದನು 1840ರ ಹೊತ್ತಿಗೆ ಮಸ್ಕತ್ತನ್ನು ಬಿಟ್ಟು ಜಾಂಜಿಬಾರಿನಲ್ಲಿಯೇ ನೆಲೆನಿಂತ ಮೇಲಂತೂ ಆ ನಗರವು ಪಶ್ಚಿಮ ಹಿಂದೂ ಮಹಾಸಾಗರದ ಅಗ್ರಗಣ್ಯ ಪೇಟೆಯಾಯಿತು. ಸುಂಕದ ಗುತ್ತಿಗೆಯನ್ನು ದೀರ್ಘಕಾಲ ಹಿಡಿದಿದ್ದುದು ಕಚ್ಛದ ಭಾಟಿಯಾ ವರ್ತಕರಾದ ಜೈರಾಮ ಶಿವಜಿಯವರ ಮನೆತನ. ನಮ್ಮ ಕನ್ನಡ ಕರಾವಳಿಯೂ ಈ ಸಂಬಂಧದಿಂದ ಹೊರತಾಗಿರಲಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮದ ಸರಕು ಪೂರ್ವ ಆಫ್ರಿಕಾದ ರೇವುಗಳಿಗೂ ಹೋಗುತ್ತಿತ್ತು. ಅದಕ್ಕಿಂತ ಹಳೆಯದಾದ, ನೋವಿನಿಂದ ಕೂಡಿದ ಇನ್ನೊಂದು ಸಂಬಂಧವೂ ಉಂಟು: ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ನೆಲೆಸಿ ಇಂದು ಕನ್ನಡ ನಾಡಿನ ಮಕ್ಕಳೇ ಆಗಿರುವ ಸಿದ್ದಿ ಜನರ ಪೂರ್ವಿಕರನ್ನು ಆಫ್ರಿಕಾದ ಪೂರ್ವಭಾಗದಿಂದ ತಂದದ್ದು ಇದೇ ಸಾಗರದ ಮಾರ್ಗಗಳಲ್ಲಿ, ಬಹುಮಟ್ಟಿಗೆ ಪೋರ್ಚುಗೀಸರ ಗೋವೆಯ ಮೂಲಕ.

1873ರಲ್ಲಿ ಸುಲ್ತಾನ್ ಬರ್ಗಾಶನು ಬ್ರಿಟಿಷರ ಒತ್ತಾಯಕ್ಕೆ ಮಣಿದು ಜಾಂಜಿಬಾರಿನ ಗುಲಾಮರ ಸಂತೆಯನ್ನು ಮುಚ್ಚಿಸಿದನು. ಬಿಡುಗಡೆ ಹೊಂದಿದವರಿಗಾಗಿ ಕ್ರೈಸ್ತ ಮಿಷನರಿಗಳು ನಗರದ ದಕ್ಷಿಣಕ್ಕೆ ಮ್ಬ್ವೇನಿ ಎಂಬಲ್ಲಿ ಒಂದು ವಸತಿಯನ್ನೂ ಹೆಣ್ಣುಮಕ್ಕಳ ಶಾಲೆಯೊಂದನ್ನೂ ನಡೆಸಿದರು. ಆ ಶಾಲೆಯ ಭಗ್ನಗೋಡೆಗಳು ಇಂದೂ ಬಳ್ಳಿಗಳ ನಡುವೆ ನಿಂತಿವೆ. ಚುಂಬೆಗೆ ಹೋಗುವ ಅತಿಥಿಗಳ ದೋಣಿ ಬಹುಕಾಲ ಹೊರಡುತ್ತಿದ್ದುದು ಅದೇ ಮ್ಬ್ವೇನಿಯ ತೀರದಿಂದ. ವಿಶ್ರಾಂತಿಗೆಂದು ಹೊರಟವನು ಒಂದು ಗಳಿಗೆ ಆ ಗೋಡೆಗಳ ಎದುರಿಗೆ ನಿಲ್ಲುವುದು ಉಚಿತವೆಂದು ನನಗೆ ತೋರುತ್ತದೆ.

ಹಾಯಿಹಡಗಿನ ನಾವಿಕನಿಗೆ ಚುಂಬೆ ಒಂದು ಗುರುತು ಮಾತ್ರವಾಗಿತ್ತು. ಹಗಲಿನಲ್ಲಿ ನೀರಿನ ಬಣ್ಣ ಎಲ್ಲಿ ತಿಳಿಯಾಗುತ್ತದೆ, ಎಲ್ಲಿ ಕಪ್ಪಾಗುತ್ತದೆ ಎಂಬುದನ್ನು ನೋಡಿ ದಿಬ್ಬಗಳನ್ನು ತಪ್ಪಿಸಿ ಸಾಗುವ ವಿದ್ಯೆ ಅವನಿಗೆ ವಂಶಪಾರಂಪರ್ಯವಾಗಿ ಬಂದಿತ್ತು. ಹಬೆಯ ಹಡಗುಗಳ ಕಾಲ ಬಂದಾಗ ಸ್ಥಿತಿ ಬದಲಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. 1872ರಲ್ಲಿ ಬ್ರಿಟಿಷ್ ಇಂಡಿಯಾ ಹಡಗು ಕಂಪನಿಯು ಏಡನ್ನಿನಿಂದ ಜಾಂಜಿಬಾರಿಗೆ ಟಪಾಲು ಸಂಚಾರವನ್ನು ಆರಂಭಿಸಿತು. 1890ರಲ್ಲಿ ಜಾಂಜಿಬಾರ್ ಬ್ರಿಟಿಷ್ ರಕ್ಷಿತ ರಾಜ್ಯವಾಯಿತು. ಅದೇ ಕಾಲದಲ್ಲಿ ಎದುರು ತೀರದ ದಾರ್ ಎಸ್ ಸಲಾಮ್ ಜರ್ಮನ್ ಪೂರ್ವ ಆಫ್ರಿಕಾದ ಆಡಳಿತಕೇಂದ್ರವಾಗಿ ಬೆಳೆಯತೊಡಗಿತು. ಗಾಳಿಯ ಹಂಗಿಲ್ಲದ ಈ ಭಾರವಾದ ಹಡಗುಗಳು ಗೊತ್ತಾದ ದಿನಕ್ಕೆ ಬಂದರು ಸೇರಲೇಬೇಕಾಗಿದ್ದುದರಿಂದ ರಾತ್ರಿಯಲ್ಲೂ ಚಲಿಸುತ್ತಿದ್ದುವು. ಅವಕ್ಕೆ ಆಳವಾದ ನೀರು ಬೇಕು, ಆಳ ಮುಗಿಯುವ ಸ್ಥಳವನ್ನು ಕತ್ತಲಲ್ಲಿ ತೋರಿಸುವ ಬೆಳಕೂ ಬೇಕು. ದಕ್ಷಿಣದಿಂದ ಜಾಂಜಿಬಾರಿನ ಬಂದರಿಗೆ ಬರುವ ಮಾರ್ಗದಲ್ಲಿಯೇ ಚುಂಬೆ ಇತ್ತು. ಅಂತೆಯೇ 1904ರಲ್ಲಿ ಅದರ ಮೇಲೆ ದೀಪಸ್ತಂಭವೆದ್ದಿತು.

ದೀಪವನ್ನು ಕಾಯುವವರಿಗೆ ಮನೆ ಬೇಕಾಯಿತು, ಪ್ರಾರ್ಥನೆಗೆ ಸ್ಥಳ ಬೇಕಾಯಿತು. ಸ್ತಂಭದ ಆಸುಪಾಸಿನಲ್ಲಿ ಅವರಿಗಾಗಿ ಕಟ್ಟಿದ ಸಣ್ಣ ಮಸೀದಿಯಲ್ಲಿ ಭಾರತೀಯ ಶೈಲಿಯ ಛಾಯೆ ಸ್ಪಷ್ಟವಾಗಿ ಕಾಣುತ್ತದೆ. ಜಾಂಜಿಬಾರಿನ ಗಾರೆ, ಹವಳಗಲ್ಲುಗಳಲ್ಲಿ ನಮ್ಮ ಪಶ್ಚಿಮ ಭಾರತದ ಕುಶಲಿಗಳು ಎಷ್ಟು ದೂರದವರೆಗೆ ತಮ್ಮ ಕೈಯ ಗುರುತನ್ನು ಬಿಟ್ಟುಹೋಗಿದ್ದಾರೆಂಬುದಕ್ಕೆ ಅದೊಂದು ಸಣ್ಣ ಸಾಕ್ಷಿ. ದೀಪಪಾಲಕನ ಬದುಕಿನ ಕಾಠಿಣ್ಯವನ್ನು ನಾವು ಊಹಿಸಿಕೊಳ್ಳಬಹುದು. ಕುಡಿಯುವ ನೀರನ್ನು ಮಳೆಯಿಂದ ಕೂಡಿಡಬೇಕು, ಇಲ್ಲವೆ ಕೊಡಗಳಲ್ಲಿ ತುಂಬಿ ದೋಣಿಯಲ್ಲಿ ತರಬೇಕು, ಮೂರನೆಯ ದಾರಿಯಿಲ್ಲ. ಕಡಲು ಕೆರಳಿದ ದಿನಗಳಲ್ಲಿ ಎರಡನೆಯ ದಾರಿಯೂ ಮುಚ್ಚಿಹೋಗುತ್ತದೆ. ಇಂತಹ ಸ್ಥಳದಲ್ಲಿ ಒಂದು ಕುಟುಂಬಕ್ಕೆ ಹೇಗೋ ಜೀವನ ಸಾಗೀತು. ಒಂದು ಗ್ರಾಮ ಬೆಳೆಯಲಾರದು. ಗ್ರಾಮ ಬೆಳೆಯಲಿಲ್ಲವಾದ್ದರಿಂದ ಹೊಲಕ್ಕಾಗಿ ಕಾಡು ಕಡಿಯಲಿಲ್ಲ, ಮೇಕೆಗಳು ಚಿಗುರು ಮೇಯಲಿಲ್ಲ.

1926ರಲ್ಲಿ ಸ್ತಂಭದ ದೀಪವು ಅನಿಲಕ್ಕೆ ಬದಲಾಯಿತು. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿದ್ದ ಗ್ಯಾಸ್ ಅಕ್ಯುಮುಲೇಟರ್ ಸಂಸ್ಥೆಯ ಈ ಅಸಿಟಿಲೀನ್ ದೀಪಗಳು ಆಗ ಲೋಕದ ಕಡಲತೀರಗಳನ್ನೆಲ್ಲ ವ್ಯಾಪಿಸುತ್ತಿದ್ದ ಕಾಲವದು. ಆ ಸಂಸ್ಥೆಯ ಗುಸ್ತಾಫ್ ದಲೆನ್ ಎಂಬ ಯಂತ್ರಶಿಲ್ಪಿಯು ಒಂದು ಸೂರ್ಯಕವಾಟವನ್ನು ಕಂಡುಹಿಡಿದಿದ್ದನು: ಕಪ್ಪು ಬಣ್ಣದ ಒಂದು ಲೋಹದ ಕಂಬಿಯು ಹಗಲಿನ ಬೆಳಕನ್ನು ಹೀರಿ ಕಾದು ಹಿಗ್ಗಿದಾಗ ಅನಿಲದ ದಾರಿ ಮುಚ್ಚಿಕೊಳ್ಳುವುದು, ಸಂಜೆಯಾಗಿ ಅದು ಕುಗ್ಗಿದಾಗ ತಾನಾಗಿ ತೆರೆದುಕೊಳ್ಳುವುದು, ಹೀಗಾಗಿ ದೀಪವು ಮುಂಜಾನೆ ಆರಿ ಮುಸ್ಸಂಜೆಗೆ ಹತ್ತುವುದಕ್ಕೆ ಮನುಷ್ಯನ ಕೈ ಬೇಕಾಗಲಿಲ್ಲ. 1912ರಲ್ಲಿ ಪ್ರಯೋಗಕಾಲದ ಸ್ಫೋಟವೊಂದರಲ್ಲಿ ಅವನು ಎರಡು ಕಣ್ಣುಗಳನ್ನೂ ಕಳೆದುಕೊಂಡನು. ಅದೇ ವರ್ಷ ಭೌತವಿಜ್ಞಾನದ ನೊಬೆಲ್ ಪಾರಿತೋಷಕವು ಅವನಿಗೆ ಸಂದಿತು. ತಾನು ಕಾಣಲಾರದ ಬೆಳಕನ್ನು ಸಹಸ್ರಾರು ನಾವಿಕರಿಗೆ ಕಾಣಿಸಿಕೊಟ್ಟ ಆ ಪುರುಷನನ್ನು ಚುಂಬೆಯ ಪ್ರಸಂಗದಲ್ಲಿ ಸ್ಮರಿಸದೆ ಮುಂದೆ ಹೋಗಲು ನನಗೆ ಮನಸ್ಸು ಬರಲಿಲ್ಲ. ಇಂತಹ ದೀಪಗಳು ಹೋದಲ್ಲೆಲ್ಲ ನಿತ್ಯಕಾವಲಿನ ಅಗತ್ಯ ಕಡಿಮೆಯಾಯಿತು. ಚುಂಬೆಯ ಪಾಲಕರ ಮನೆಯೂ ಕಾಲಕ್ರಮದಲ್ಲಿ ಜೀರ್ಣವಾಗಿ, ಇಪ್ಪತ್ತನೆಯ ಶತಮಾನದ ಕೊನೆಯ ದಶಕ ಬರುವ ವೇಳೆಗೆ ಮಾಡು ಬಿದ್ದು ಗೋಡೆಗಳು ಮಾತ್ರ ಉಳಿದಿದ್ದುವು.

ಕಾಡು ಉಳಿದ ಕಾರಣವನ್ನು ಹೇಳಿದ್ದಾಯಿತು. ನೀರಿನೊಳಗಿನ ದಿಬ್ಬ ಉಳಿದ ಕಾರಣ ಬೇರೆ. ಜಾಂಜಿಬಾರಿನ ಬಡ ಬೆಸ್ತನ ಆಸ್ತಿಯೆಂದರೆ ಮರವೊಂದನ್ನು ತೋಡಿ ಮಾಡಿದ, ಎರಡು ಪಕ್ಕಗಳಲ್ಲೂ ಚಾಚುಮರಗಳನ್ನು ಕಟ್ಟಿ ತ್ರಿಕೋನದ ಹಾಯಿಯೇರಿಸಿದ ನ್ಗಲಾವಾ ಎಂಬ ದೋಣಿ, ಬೆತ್ತದಂತೆ ಹೆಣೆದ ದೆಮಾ ಎಂಬ ಮೀನುಬುಟ್ಟಿ, ಗಾಳದ ಹುರಿ. ಇಷ್ಟನ್ನು ನಂಬಿ ಹೊರಟವನು ಸಾಮಾನ್ಯವಾಗಿ ತನ್ನ ಊರಿನ ಎದುರಿನ ನೀರನ್ನೇ ಆಶ್ರಯಿಸುತ್ತಿದ್ದನು. ಯಂತ್ರದ ದೋಣಿ ಕೊಳ್ಳುವ ಶಕ್ತಿ ಬಹಳ ಮಂದಿಗಿರಲಿಲ್ಲ. ಅದರ ಮೇಲೆ, ಎದುರಿನ ತೀರದಲ್ಲಿ ಸೈನ್ಯದ ನೆಲೆಯಿದ್ದು, ಅಲ್ಲಿಂದ ಗುಂಡಿನ ಅಭ್ಯಾಸ ನಡೆಯುತ್ತಿದ್ದುದರಿಂದ ಚುಂಬೆಯ ಸುತ್ತಲಿನ ಕಡಲಿಗೆ ಹೋಗದಂತೆ ನಿರ್ಬಂಧವಿತ್ತು. ಬಡತನವೂ ಭಯವೂ ಕೂಡಿ ಒಂದು ಬೇಲಿಯನ್ನು ಕಟ್ಟಿದುವು. ಆ ಬೇಲಿಯ ಹೊರಗೆ ಏನಾಯಿತೆಂಬುದನ್ನು ಪೂರ್ವ ಆಫ್ರಿಕಾದ ತೀರದುದ್ದಕ್ಕೂ ನೋಡಬಹುದಾಗಿದೆ. ಟಾಂಜಾನಿಯದ ಕರಾವಳಿಯಲ್ಲಿ 1960ರ ದಶಕದಿಂದ ಈಚೆಗೆ ಸಿಡಿಮದ್ದಿನಿಂದ ಮೀನು ಕೊಲ್ಲುವ ದುಷ್ಟಪದ್ಧತಿ ಹಬ್ಬಿತು. ಒಂದು ಸ್ಫೋಟಕ್ಕೆ ನೂರಾರು ಮೀನುಗಳು ಹೊಟ್ಟೆ ಮೇಲಾಗಿ ತೇಲಿದರೆ, ಅವು ಆಶ್ರಯಿಸಿದ್ದ ಹವಳ, ಶತಮಾನಗಳ ಬೆಳವಣಿಗೆ, ಅದೇ ಕ್ಷಣದಲ್ಲಿ ಪುಡಿಯಾಗುತ್ತಿತ್ತು. ತಳವನ್ನು ಕೆರೆದುಕೊಂಡು ಬರುವ ಎಳೆಬಲೆಗಳು, ದಿಬ್ಬವನ್ನು ಕೋಲಿನಿಂದ ಬಡಿದು ಮೀನನ್ನು ಬಲೆಗೆ ಅಟ್ಟುವ ಕ್ರಮಗಳು ಉಳಿದದ್ದನ್ನು ಕೆಡಿಸಿದುವು. ಮನೆ ಕಟ್ಟಲು ಬೇಕಾದ ಸುಣ್ಣಕ್ಕಾಗಿ ಹವಳಗಲ್ಲನ್ನು ಸೌದೆಯ ರಾಶಿಯ ಮೇಲೆ ಸುಡುವ ಭಟ್ಟಿಗಳು ಉಂಗುಜಾ ದ್ವೀಪದಲ್ಲಿ ಕಲ್ಲನ್ನೂ ಕಾಡನ್ನೂ ಒಟ್ಟಿಗೆ ನುಂಗಿದುವು. ಹಸಿವಿನಿಂದ ದುಡಿಯುವವನನ್ನು ದೂಷಿಸುವ ಹಕ್ಕು ನಮಗಿಲ್ಲ. ಆದರೆ ನಷ್ಟ ನಷ್ಟವೇ; ಅದನ್ನು ಮೊದಲು ಉಂಡವನೂ ಆ ಬಡ ಬೆಸ್ತನೇ.

ಜಾಂಜಿಬಾರ್ 1963ರ ಡಿಸೆಂಬರ್ 10ರಂದು ಸ್ವತಂತ್ರವಾಯಿತು. 1964ರ ಜನವರಿ 12ರ ಕ್ರಾಂತಿಯಲ್ಲಿ ಸುಲ್ತಾನನ ಆಳಿಕೆ ಕೊನೆಗೊಂಡಿತು. ಅದೇ ವರ್ಷದ ಏಪ್ರಿಲಿನಲ್ಲಿ ಜಾಂಜಿಬಾರ್ ತಾಂಗನ್ಯೀಕದೊಡನೆ ಕೂಡಿತು; ಆ ಒಕ್ಕೂಟವೇ ಮುಂದೆ ಟಾಂಜಾನಿಯವೆನಿಸಿತು. ಲವಂಗವನ್ನೇ ನೆಚ್ಚಿದ್ದ ದ್ವೀಪಕ್ಕೆ ಲವಂಗದ ಬೆಲೆ ಕುಸಿದಾಗ ಬೇರೆ ಆದಾಯ ಬೇಕಾಯಿತು. 1980ರ ದಶಕದ ನಡುವಿನಿಂದ ಪ್ರವಾಸೋದ್ಯಮಕ್ಕೆ ಬಾಗಿಲು ತೆರೆಯಿತು. ಬೆಳ್ಳನೆಯ ಮರಳಿರುವ ಕಡೆಯಲ್ಲೆಲ್ಲ ಹೋಟೆಲುಗಳೆದ್ದುವು. ಚುಂಬೆಯನ್ನು ಬಹುಕಾಲ ಕಾಪಾಡಿದ್ದ ಬೇಲಿಯು ಇನ್ನು ನಿಲ್ಲುವಂತಿರಲಿಲ್ಲ. ದುಡ್ಡಿದ್ದವನಿಗೆ ದೋಣಿಯೂ ಯಂತ್ರವೂ ಸಿಹಿನೀರೂ ದೊರೆಯುವ ಕಾಲ ಬಂದಿತ್ತು.

ಈ ಸಂಧಿಕಾಲದಲ್ಲಿ, 1991ರಲ್ಲಿ, ಸಿಬಿಲ್ಲೆ ರೀಡ್‌ಮಿಲ್ಲರ್ ಎಂಬ ಜರ್ಮನ್ ಮಹಿಳೆ ಈ ದ್ವೀಪದ ರಕ್ಷಣೆಯ ಕಾರ್ಯವನ್ನು ಕೈಗೆತ್ತಿಕೊಂಡರು. ಅಭಿವೃದ್ಧಿ ಯೋಜನೆಗಳಲ್ಲಿ ಕೆಲಸ ಮಾಡಿದ್ದ ಅವರ ಆಲೋಚನೆ ಸರಳವಾಗಿತ್ತು: ರಕ್ಷಣೆಗೆ ಹಣ ಬೇಕು, ಆ ಹಣವನ್ನು ಸರ್ಕಾರದ ಬೊಕ್ಕಸದಿಂದಾಗಲಿ ಪರದೇಶದ ದಾನಿಗಳಿಂದಾಗಲಿ ಅನಂತಕಾಲ ಬೇಡುವುದು ಸಾಧ್ಯವಿಲ್ಲ, ದ್ವೀಪವನ್ನು ನೋಡಬಂದು ತಂಗುವ ಕೆಲವೇ ಅತಿಥಿಗಳು ಕೊಡುವ ಬಾಡಿಗೆಯಿಂದ ಕಾವಲು, ಸಂಶೋಧನೆ, ಶಿಕ್ಷಣ ಮೂರೂ ನಡೆಯಬೇಕು, ಲಾಭಕ್ಕಾಗಿ ದ್ವೀಪವಲ್ಲ, ದ್ವೀಪಕ್ಕಾಗಿ ವ್ಯಾಪಾರ. ಸರಳವಾದ ಆಲೋಚನೆ ಕಾರ್ಯರೂಪಕ್ಕೆ ಬರಲು ಏಳು ವರ್ಷ ಹಿಡಿಯಿತು. ಅದಕ್ಕಾಗಿ ಸ್ಥಾಪಿಸಿದ ಚುಂಬೆ ಐಲೆಂಡ್ ಕೋರಲ್ ಪಾರ್ಕ್ ಸಂಸ್ಥೆಯ ಆಡಳಿತದಲ್ಲಿ ಪಶ್ಚಿಮ ಪಾರ್ಶ್ವದ ಹವಳದ ದಿಬ್ಬವನ್ನು 1994ರ ಡಿಸೆಂಬರಿನಲ್ಲಿ ಜಾಂಜಿಬಾರ್ ಸರ್ಕಾರವು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಮರುವರ್ಷ ಕಾಡೂ ಸಂರಕ್ಷಿತವಾಯಿತು. ಖಾಸಗಿ ಸಂಸ್ಥೆಯೊಂದು ನಿರ್ವಹಿಸುವ ಸಮುದ್ರ ಸಂರಕ್ಷಣ ಕ್ಷೇತ್ರಗಳಲ್ಲಿ ಲೋಕದಲ್ಲೇ ಮೊದಲನೆಯದೆಂದು ಇದನ್ನು ಎಣಿಸುತ್ತಾರೆ. 2000ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಗ್ಲೋಬಲ್ 500 ಗೌರವವೂ ಇದಕ್ಕೆ ದೊರೆಯಿತು.

ಕಾವಲಿಗೆ ಯಾರನ್ನಿಡಬೇಕೆಂಬ ಪ್ರಶ್ನೆಗೆ ಸಂಸ್ಥೆಯವರು ಕಂಡುಕೊಂಡ ಉತ್ತರವೇ ಈ ಕಥೆಯಲ್ಲಿ ನನಗೆ ಅತ್ಯಂತ ಮಾನ್ಯವಾಗಿ ತೋರುವ ಭಾಗ. ನೆರೆಯ ಹಳ್ಳಿಗಳ ಬೆಸ್ತರನ್ನೇ ಕರೆದು ಕಾವಲುಗಾರರನ್ನಾಗಿ ನೇಮಿಸಿದರು. ಅವರ ಕೈಗೆ ಬಂದೂಕನ್ನು ಕೊಡಲಿಲ್ಲ. ಸಂರಕ್ಷಿತ ನೀರಿಗೆ ದೋಣಿಯೊಂದು ಬಂದರೆ ಕಾವಲುಗಾರನು ತನ್ನ ದೋಣಿಯನ್ನು ಅದರ ಪಕ್ಕಕ್ಕೆ ಒಯ್ದು, ಬಂದವನೊಡನೆ ಅವನದೇ ನುಡಿಯಲ್ಲಿ, ಅವನದೇ ಕಸುಬಿನ ಮಾತಿನಲ್ಲಿ, ಇಲ್ಲಿ ಮರಿಮಾಡಿದ ಮೀನು ಬೆಳೆದು ಹೊರಗಿನ ನೀರಿಗೆ ಬರುತ್ತದೆ, ಇಲ್ಲಿ ಹಿಡಿದರೆ ಅಲ್ಲಿ ಇರುವುದಿಲ್ಲ, ಎಂದು ವಿವರಿಸುವನು. ಆಮೇಲೆ ಪುಸ್ತಕದಲ್ಲಿ ಆ ಸಂಗತಿಯನ್ನು ಗುರುತುಹಾಕುವನು. ಕಡಲಿನಲ್ಲಿ ಕಷ್ಟಕ್ಕೆ ಸಿಕ್ಕ ಬೆಸ್ತರಿಗೆ ನೆರವಾಗುವುದೂ ಅವನ ಕೆಲಸವೇ. ದಂಡದ ಭಯದಿಂದ ಸಾಧಿಸಲಾಗದ್ದನ್ನು ಸಜಾತೀಯನ ಮಾತು ಸಾಧಿಸಿತು. ಪಾಳುಬಿದ್ದಿದ್ದ ದೀಪಪಾಲಕರ ಮನೆಯನ್ನು ಎತ್ತಿ ಕಟ್ಟಿ, ಬಂದವರೆಲ್ಲ ಸೇರುವ, ಊಟ ಮಾಡುವ, ಪಾಠ ಕೇಳುವ ಮಂದಿರವನ್ನಾಗಿ ಮಾಡಿದರು.

1998ರಲ್ಲಿ ಅತಿಥಿಗಳು ಬಂದು ತಂಗಲಾರಂಭಿಸಿದರು. ಕಟ್ಟಿದ್ದು ಏಳೇ ಕುಟೀರಗಳು. ಆ ಕುಟೀರವೊಂದನ್ನು ಹತ್ತಿರದಿಂದ ನೋಡತಕ್ಕದ್ದು, ಏಕೆಂದರೆ ದ್ವೀಪದ ಹಳೆಯ ಕೊರತೆಗೆ ಕೊಟ್ಟ ಉತ್ತರವೇ ಆ ಕಟ್ಟಡವಾಗಿ ನಿಂತಿದೆ. ಎದುರು ಭಾಗ ಕಡಲಿಗೆ ಪೂರಾ ತೆರೆದಿರುತ್ತದೆ. ಕೆಳಗೆ ಕುಳಿತುಕೊಳ್ಳುವ ಹಜಾರ, ಏಣಿಮೆಟ್ಟಿಲೇರಿದರೆ ಮಾಡಿನ ಅಡಿಯಲ್ಲಿ ಮಲಗುವ ಅಟ್ಟ. ಕೋಲುಗಳನ್ನು ಹುರಿಯಿಂದ ಬಿಗಿದು ಕಟ್ಟಿದ ಚೌಕಟ್ಟಿನ ಮೇಲೆ, ತೆಂಗಿನ ಗರಿಗಳನ್ನು ಮಡಿಸಿ ಹೆಣೆದ, ಸ್ವಾಹಿಲಿ ತೀರದಲ್ಲಿ ಮಕೂಟಿ ಎನ್ನುವ ಹೊದಿಕೆಯು ಕಡಿದಾಗಿ ಇಳಿದು ಬರುತ್ತದೆ. ಆ ಮಾಡು ನೆರಳಿಗೆ ಮಾತ್ರ ಮಾಡಿದ್ದಲ್ಲ. ಮಳೆ ಬಂದಾಗ ನೀರು ಅದರ ಮೇಲಿಂದ ಹರಿದು, ಮರಳು ಜಲ್ಲಿಗಳ ಮೂಲಕ ಸೋಸಿ, ನೆಲದಡಿಯ ತೊಟ್ಟಿಯನ್ನು ಸೇರುತ್ತದೆ. ತೊಟ್ಟಿಯಿಂದ ಕೈಪಂಪಿನಿಂದ ಮೇಲಕ್ಕೆತ್ತಿದ ನೀರನ್ನು ಸೂರ್ಯನ ಶಾಖ ಬೆಚ್ಚಗೆ ಮಾಡುತ್ತದೆ. ಸ್ನಾನ ಮಾಡಿ ಬಿಟ್ಟ ನೀರು ಕಡಲಿಗೆ ಸೇರದಂತೆ ಗಿಡಗಳನ್ನು ನೆಟ್ಟ ಪಾತಿಯೊಂದರೊಳಗೆ ಹೋಗಿ, ಆ ಗಿಡಗಳ ಬೇರುಗಳಿಗೆ ಆಹಾರವಾಗುತ್ತದೆ. ಶೌಚಗೃಹದಲ್ಲಿ ನೀರಿನ ಬಳಕೆಯೇ ಇಲ್ಲ. ಒಣ ಎಲೆಗಳೊಡನೆ ಬೆರೆತು ಎಲ್ಲವೂ ಗೊಬ್ಬರವಾಗುತ್ತದೆ. ಹವಳಕ್ಕೆ ತಿಳಿನೀರು ಬೇಕು. ಚರಂಡಿಯ ಸಾರ ಕಡಲಿಗಿಳಿದರೆ ಪಾಚಿ ಬೆಳೆದು ಹವಳವನ್ನು ಉಸಿರುಗಟ್ಟಿಸುತ್ತದೆ. ಆದ್ದರಿಂದ ಇಲ್ಲಿನ ಶೌಚದ ಏರ್ಪಾಡನ್ನು ಒಂದು ವಿಚಿತ್ರವೆಂದು ನೋಡದೆ, ಎದುರಿನ ದಿಬ್ಬದ ಆಯುಸ್ಸಿನೊಡನೆ ಕೂಡಿಸಿ ನೋಡಬೇಕು. ದೀಪಗಳು ಸೂರ್ಯಶಕ್ತಿಯವು.

ದೀಪಸ್ತಂಭದ ಪಾಲಕನು ನೀರನ್ನು ಹೇಗೆ ಅಳೆದು ಬಳಸಬೇಕಾಗಿತ್ತೋ ಹಾಗೆಯೇ ಇಂದಿನ ಅತಿಥಿಯೂ ಬಳಸಬೇಕು. ಇದು ಬಡತನದ ಪ್ರದರ್ಶನವಲ್ಲ. ದ್ವೀಪವು ಎಷ್ಟನ್ನು ಕೊಡಬಲ್ಲುದೋ ಅಷ್ಟರೊಳಗೆ ಮನುಷ್ಯನನ್ನು ಇಟ್ಟ ಲೆಕ್ಕ. ಪರಿಸರದ ಹೆಸರು ಹಲಗೆಯ ಮೇಲೆ ಬರೆದುಕೊಂಡು, ಬಾವಿ ಕೊರೆದು, ಯಂತ್ರವಿಟ್ಟು, ಸಮುದ್ರತೀರದಲ್ಲಿ ಹುಲ್ಲುಹಾಸಿಗೆ ನೀರು ಚಿಮ್ಮಿಸುವ ವಸತಿಗೃಹಗಳು ಇಂದು ಲೋಕದ ತುಂಬ ಇರುವಾಗ, ಮಳೆ ಕೊಟ್ಟದ್ದಕ್ಕಿಂತ ಒಂದು ಬಿಂದಿಗೆ ಹೆಚ್ಚು ಬೇಡವೆಂದು ಹೇಳಿದ ಈ ಏಳು ಕುಟೀರಗಳಿಗೆ ನಾನು ಬಹುದೊಡ್ಡ ಸ್ಥಾನವನ್ನು ಕೊಡುತ್ತೇನೆ.

ರಾತ್ರಿಯಾದ ಮೇಲೆ ಹಾದಿಗಳಲ್ಲಿ ದೀಪವಿಡುವುದಿಲ್ಲ. ಕೈದೀಪ ಹಿಡಿದೇ ನಡೆಯಬೇಕು, ಏಕೆಂದರೆ ಆ ಹೊತ್ತು ತೆಂಗಿನ ಏಡಿಯದು. ನೆಲದ ಮೇಲೆ ಬದುಕುವ ಸಂಧಿಪದಿಗಳಲ್ಲೆಲ್ಲ ಇದೇ ಅತ್ಯಂತ ದೊಡ್ಡದು. ಪೂರ್ಣ ಬೆಳೆದದ್ದು 4 ಕಿಲೋಗ್ರಾಂವರೆಗೆ ತೂಗುವುದುಂಟು, ಕಾಲು ಚಾಚಿದರೆ ಒಂದು ಮೀಟರಿನಷ್ಟು ಅಗಲ. ಎಳೆತನದಲ್ಲಿ ಅದು ಕಡಲಿನಲ್ಲಿ ತೇಲುತ್ತಿದ್ದು, ಆಮೇಲೆ ಶಂಖದ ಚಿಪ್ಪೊಂದನ್ನು ಹೊತ್ತು ದಡಕ್ಕೇರಿ, ಬೆಳೆದ ಮೇಲೆ ಚಿಪ್ಪಿನ ಆಸರೆಯನ್ನೂ ಬಿಟ್ಟು ನೆಲದ ಜೀವಿಯಾಗುತ್ತದೆ. ಮತ್ತೆ ನೀರಿನಲ್ಲಿ ಮುಳುಗಿಸಿದರೆ ಸತ್ತೇಹೋಗುತ್ತದೆ. ನೀಲಿ ನೇರಳೆ ಬಣ್ಣಗಳ ಛಾಯೆಯುಳ್ಳ ಕವಚ, ತೆಂಗಿನಕಾಯಿಯ ಸಿಪ್ಪೆಯನ್ನು ಎಳೆ ಎಳೆಯಾಗಿ ಹರಿದು ಕಣ್ಣಿನ ಕಡೆಯಿಂದ ಒಡೆಯಬಲ್ಲ ಕೊಂಡಿಗಳು. ಮಾಂಸಕ್ಕಾಗಿ ಹಿಡಿದು ತಿಂದು, ಇದನ್ನು ಅನೇಕ ದ್ವೀಪಗಳಲ್ಲಿ ಜನರು ಮುಗಿಸಿಬಿಟ್ಟಿದ್ದಾರೆ. ಚುಂಬೆಯ ಕಾಡಿನ ಜೀವಿಗಳನ್ನು ಕಾಯುವ ಸಲುವಾಗಿ, ಹಡಗು ದೋಣಿಗಳೊಡನೆ ಬಂದು ದ್ವೀಪದಲ್ಲಿ ಹೆಚ್ಚಿದ್ದ ಇಲಿಗಳನ್ನು 1997ರಲ್ಲಿ ನಿರ್ಮೂಲ ಮಾಡಿದರು. ಉಂಗುಜಾ ಮತ್ತು ಕೀನ್ಯದ ಕರಾವಳಿ ಕಾಡುಗಳಲ್ಲಿ ಮಾತ್ರ ಬದುಕುವ, ಬೇಟೆಯಿಂದಲೂ ಕಾಡಿನ ನಾಶದಿಂದಲೂ ವಿರಳವಾದ, ಜಾಂಜಿಬಾರಿನಲ್ಲಿದ್ದ ಪ್ರಾಣಿವಿಜ್ಞಾನಿ ಏಡರ್ಸನ ಹೆಸರು ಹೊತ್ತ ಕಿರುಜಿಂಕೆಗೂ ಚುಂಬೆಯ ಕಾಡಿನಲ್ಲಿ ಆಶ್ರಯ ಕೊಟ್ಟರು. ತೊಟ್ಟು ನೀರೂ ಇಲ್ಲದೆ, ಎಲೆಯ ತೇವವನ್ನೇ ನೆಚ್ಚಿ ಬದುಕಬಲ್ಲ ಪ್ರಾಣಿಗೆ ಆ ಕಾಡು ಒಗ್ಗಿತು.

ದಿಬ್ಬದ ಸಂಪತ್ತು ಅಗಾಧವಾದದ್ದು. ಇನ್ನೂರಕ್ಕೂ ಹೆಚ್ಚು ಜಾತಿಯ ಗಟ್ಟಿಹವಳಗಳು, ಪೂರ್ವ ಆಫ್ರಿಕಾದಲ್ಲಿ ಗುರುತಿಸಿದವುಗಳಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು, ಈ ಸಣ್ಣ ಪ್ರದೇಶದಲ್ಲಿಯೇ ಇವೆಯೆಂದು ತಜ್ಞರು ಕಂಡಿದ್ದಾರೆ. ಮೀನುಗಳ ಜಾತಿ ನಾನೂರನ್ನು ಮೀರುತ್ತದೆ. ಅತಿಥಿಯು ಮುಖಕ್ಕೆ ಗಾಜು ಕಟ್ಟಿಕೊಂಡು, ಉಸಿರುಕೊಳವೆ ಕಚ್ಚಿ, ಕಾವಲುಗಾರನೊಬ್ಬನ ಜೊತೆಯಲ್ಲಿ ಮೇಲುನೀರಿನಲ್ಲಿ ತೇಲುತ್ತ ನೋಡಬಹುದು. ಗಾಳಿಯ ಬುಡ್ಡಿ ಹೊತ್ತು ಮುಳುಗುವ ವಿನೋದಕ್ಕೆ ಅವಕಾಶವಿಲ್ಲ, ಅದು ಸಂಶೋಧಕರಿಗೆ ಮಾತ್ರ. ಆದರೆ ಈ ಸಂಪತ್ತನ್ನು ಪರದೇಶದ ಧನಿಕರು ಮಾತ್ರ ನೋಡಿ ಹೋಗುವುದಾಗಿದ್ದರೆ ನಾನು ಈ ಪ್ರಬಂಧವನ್ನು ಬರೆಯುತ್ತಿರಲಿಲ್ಲ. ಜಾಂಜಿಬಾರಿನ ಶಾಲೆಗಳ ಪಠ್ಯದಲ್ಲಿ ಹವಳದ ದಿಬ್ಬದ ಪಾಠಕ್ಕೆ ಸ್ಥಾನವಿರಲಿಲ್ಲ. ಕಡಲಿನ ಅಂಚಿನಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಲ್ಲಿ ಅನೇಕರಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಈಜಲು ಬರುತ್ತಿರಲಿಲ್ಲ. ಅವರನ್ನು ಉಪಾಧ್ಯಾಯರೊಡನೆ ದೋಣಿಯಲ್ಲಿ ಕರೆತಂದು, ತೇಲುವ ಅಂಗಿ ತೊಡಿಸಿ, ಕಾವಲುಗಾರರು ಕೈಹಿಡಿದು ನೀರಿಗಿಳಿಸುತ್ತಾರೆ. ಕಲ್ಲೆಂದು ತಿಳಿದಿದ್ದುದು ಪ್ರಾಣಿಯೆಂದು ಮಕ್ಕಳು ತಮ್ಮ ಕಣ್ಣಿನಿಂದಲೇ ಕಲಿಯುತ್ತಾರೆ. ಅವರಿಂದ ಶುಲ್ಕವನ್ನು ತೆಗೆದುಕೊಳ್ಳುವುದಿಲ್ಲ. ಅತಿಥಿಗಳ ಬಾಡಿಗೆ ಆ ವೆಚ್ಚವನ್ನು ಹೊರುತ್ತದೆ. ಹೀಗೆ ಬಂದುಹೋದವರ ಸಂಖ್ಯೆ ಸಾವಿರಾರು.

ಕಾವಲು ಎಷ್ಟೇ ಬಿಗಿಯಾಗಿದ್ದರೂ ಕೆಲವು ವಿಪತ್ತುಗಳನ್ನು ಅದು ತಡೆಯಲಾರದು. ವಸತಿಗೃಹವು ಬಾಗಿಲು ತೆರೆದ 1998ರಲ್ಲಿಯೇ ಹಿಂದೂ ಮಹಾಸಾಗರದ ನೀರು ಅಸಾಧಾರಣವಾಗಿ ಕಾದು, ಹವಳಗಳು ತಮ್ಮೊಳಗಿನ ಸೂಕ್ಷ್ಮ ಪಾಚಿಗಳನ್ನು ಹೊರಹಾಕಿ ಬೆಳ್ಳಗಾಗಿ, ಸಾಗರದ ಅನೇಕ ಕಡೆಗಳಲ್ಲಿ ಸತ್ತುಹೋದುವು. 2016ರಲ್ಲಿ ಆ ಆಪತ್ತು ಮತ್ತೆ ಬಂದಿತು. ಬೇರೆ ಹಾನಿಗಳಿಂದ ಮುಕ್ತವಾಗಿದ್ದ ಚುಂಬೆಯ ದಿಬ್ಬವು ಪೆಟ್ಟು ತಿಂದರೂ ಚೇತರಿಸಿಕೊಂಡಿತು. ಸಿಡಿಮದ್ದನ್ನು ಕಾವಲುಗಾರನು ತಡೆಯಬಲ್ಲನು, ಲೋಕದ ಹೊಗೆಯನ್ನು ಅವನೊಬ್ಬನು ತಡೆಯಲಾರನು. 2020ರಲ್ಲಿ ಸಾಂಕ್ರಾಮಿಕದಿಂದ ವಿಮಾನಗಳು ನಿಂತು ಪ್ರವಾಸಿಗಳು ಇಲ್ಲವಾದಾಗ ಇನ್ನೊಂದು ದೌರ್ಬಲ್ಯವೂ ಬಯಲಾಯಿತು: ಅತಿಥಿಯ ಬಾಡಿಗೆಯಿಂದ ಕಾವಲು ನಡೆಯುವ ಕಡೆಯಲ್ಲಿ, ಅತಿಥಿಯಿಲ್ಲದ ತಿಂಗಳುಗಳಲ್ಲಿಯೂ ಕಾವಲು ನಿಲ್ಲುವಂತಿಲ್ಲ. ಈ ಏರ್ಪಾಡನ್ನು ಲೋಕದ ದ್ವೀಪಗಳಿಗೆಲ್ಲ ಮಾದರಿಯೆಂದು ಹೊಗಳುವವರು ಇದನ್ನು ಮರೆಯಕೂಡದು. ಹೀಗಿದ್ದೂ ಇದಕ್ಕಿಂತ ಪ್ರಾಮಾಣಿಕವಾದ ಬೇರೊಂದು ಏರ್ಪಾಡನ್ನು ನಾನು ತಿಳಿಯೆ.

ಜಾಂಜಿಬಾರಿಗೆ ಹೋಗುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಅಂಥವರು ನಗರದ ಕೆತ್ತನೆಯ ಬಾಗಿಲುಗಳನ್ನೂ ಲವಂಗದ ತೋಟಗಳನ್ನೂ ನೋಡಿ ಮುಗಿಸಿದ ಮೇಲೆ, ಸಾಧ್ಯವಾದರೆ ಒಂದು ರಾತ್ರಿಯನ್ನಾದರೂ ಚುಂಬೆಗೆ ಮೀಸಲಿಡಬೇಕೆಂದು ನನ್ನ ಕೋರಿಕೆ. ಕುಟೀರಗಳು ಏಳೇ ಆದುದರಿಂದ ಮೊದಲೇ ಬರೆದು ಸ್ಥಳವನ್ನು ಗೊತ್ತುಮಾಡಿಕೊಳ್ಳಬೇಕು. ಮಸಿಕಾ ಎಂಬ ದೊಡ್ಡ ಮಳೆಯ ಕಾಲದಲ್ಲಿ, ಏಪ್ರಿಲ್ ನಡುವಿನಿಂದ ಕೆಲವು ವಾರಗಳು, ವಸತಿಗೃಹ ಮುಚ್ಚಿರುತ್ತದೆ. ಬಾಡಿಗೆ ಅಗ್ಗವಲ್ಲ. ಆದರೆ ಅಲ್ಲಿ ಕೊಡುವ ಹಣ ಬೆಸ್ತನಾಗಿದ್ದ ಕಾವಲುಗಾರನ ಸಂಬಳಕ್ಕೂ ಶಾಲೆಯ ಮಕ್ಕಳ ದೋಣಿಯ ವೆಚ್ಚಕ್ಕೂ ಸಲ್ಲುತ್ತದೆ.